ಕರಣೆ ನನ್ನ ಕೈಗೆ ಬಂತು

ಫೆಬ್ರುವರಿ 11, ಮಂಗಳವಾರ, ಹಂಪಾಪುರ

ಬಲಗೈ ಎತ್ತೋಕಾಗ್ತಿಲ್ಲ. ಆದ್ರೂ ಬರೀಬೇಕು ಅನ್ನಿಸ್ತಿದೆ.

ಗಾರೆಯವರು ಇವತ್ತೂ ಬರಲಿಲ್ಲ. ಎಲ್ಲರೂ ಕೊಡಗಿನ ರೆಸಾರ್ಟ್ ಕೆಲಸಕ್ಕೆ ಹೋಗಿದ್ದಾರೆ. ಮೇಸ್ತ್ರಿ ಚಲುವರಾಜಣ್ಣ ಫೋನ್ ಮಾಡಿ ಮಾಡಿ ಸಾಕಾಗಿ ಸಿಮೆಂಟ್ ಮೂಟೆ ಮೇಲೆ ಕೂತುಬಿಟ್ಟರು.

"ಅಣ್ಣ, ಬಳಿಯೋ ಕರಣೆ ಕೊಡಿ. ಇಷ್ಟು ವರ್ಷ ಗಾರೆ ಹೊತ್ತಿದೀನಿ, ಗೋಡೆಗೆ ಬಳಿಯೋದನ್ನೂ ನೋಡಿದೀನಿ" ಅಂದೆ.

ಮನೆ ಕಟ್ಟಿಸ್ತಿರೋ ವೀರಭದ್ರಸ್ವಾಮಿಗಳು ಗೊಣಗಿದರು. "ಹೆಂಗಸು ಬಳಿದ ಗೋಡೆ ನಿಂತದೇನ್ರೀ?"

"ಬ್ಯಾರೆ ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ ಸ್ವಾಮಿ" ಅಂದರು ಅಣ್ಣ. ಕರಣೆ ತಂದು ನನ್ನ ಕೈಗಿಟ್ಟರು.

ನಾನು ಬಳಿದದ್ದು ಮೊದಲ ಸಲ ಪೂರ್ತಿ ಕೆಳಗೆ ಬಿತ್ತು. ಅಳು ಬಂತು. "ಒರೆಸಬಾರ್ದು ಕಣವ್ವ ಮೀನಾ, ಗೋಡೆಗೆ ಬೀಸಿ ಹೊಡೀಬೇಕು" ಅಂದರು ಅಣ್ಣ. ಹೊಡೆದೆ. ಅಂಟಿತು. ಸಂಜೆಗೆ ಅಡುಗೆಮನೆಯ ಒಂದು ಗೋಡೆ ಮುಗೀತು. ಮೂಲೆ ಒಂಚೂರು ಉಬ್ಬಿದೆ.

"ನಾಳೆಯಿಂದ ನೀನೂ ಗಾರೆಯವಳೇ ಬುಡು" ಅಂದರು. ಎಷ್ಟು ಖುಷಿಯಾಯ್ತು! ಮನೆಗೆ ಬರೋ ದಾರೀಲಿ ಹೊಳೀತು: ನಾನು ಕರಣೆ ಹಿಡಿದರೆ ಗಾರೆ ಹೊರೋರು ಯಾರು? ಪಕ್ಕದ ಮನೆ ರಾಮಮ್ಮನ್ನ ಕೇಳಿದೆ. "ನನ್ ಸೊಂಟನೋವು ಗೊತ್ತಲ್ವೇನೇ, ಆದ್ರೂ ಬತ್ತೀನಿ, ನಂಗೂ ಬಳಿಯೋದು ಕಲಿಸ್ಕೊಡು" ಅಂದಳು. ಕಲಿಸೋಕೆ ನನಗೇ ಇನ್ನೂ ಮೂಲೆ ಸರಿಯಾಗಿ ಬಳಿಯೋಕೆ ಬರಲ್ಲ.