ಹಳದಿ ಬಾಗಿಲಿಗೊಂದು ಗೋಡೆ

ಛತ್ರಪತಿ ಸಂಭಾಜಿನಗರ
11 ಮೇ 2025, ಭಾನುವಾರ

ಪ್ರೀತಿಯ ಮಮ್ಮಿ,

ನಾಸಿಕ್‌ನಲ್ಲಿ ನೀನೂ ಪಪ್ಪಾನೂ ಆರಾಮ ಇದ್ದೀರಿ ತಾನೇ? ಬರೆಯುವುದು ತಡವಾಯಿತು, ಬೈಯಬೇಡ. ಪರೀಕ್ಷೆ ಮುಗಿದದ್ದೇ ನಿನ್ನೆ. ಸೆಕೆಂಡ್ ಇಯರ್‌ಗೆ ಹಾಸ್ಟೆಲ್ ಫಾರ್ಮ್ ಬೇರೆ ತುಂಬಬೇಕು, ಶನಿವಾರ ಕೊನೆಯ ದಿನ. ಅದಿರಲಿ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ "ಗ್ವಾಡಿ ಹ್ಯಾಂಗದ?" ಅಂತ ಗೋಡೆಯದನ್ನೇ ಕೇಳುತ್ತೀ, ಅದಕ್ಕೇ ಈ ಕಾಗದ. ರೂಮ್‌ಮೇಟ್ ರೂಪಾ ನಾಳೆ ಆ ಕಡೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ.

ಮನೆ ಸಿಕ್ಕಿತು ಮಮ್ಮಿ! ಪಪ್ಪಾ ಈ ಊರಿಗೆ ವರ್ಗವಾಗಿ ಬರುವ ಬ್ಯಾಂಕಿಗೆ ನಡೆದೇ ಹೋಗಬಹುದು. ಆರು ಮನೆ ನೋಡಿದೆವು. ನೀನು ಹೇಳಿದಂತೆ ಪ್ರತಿ ಗೋಡೆಗೂ ಅಂಗೈ ಹಚ್ಚಿ ತೇವ ನೋಡಿದೆ, ಹಿಂದೆ ಬಚ್ಚಲಿದೆಯೋ ಎಂದು ಹಣಕಿದೆ, ಬಿಸಿಲು ಎಲ್ಲಿಯವರೆಗೆ ಬರುತ್ತದೋ ಎಂದು ಕಾದು ಕುಳಿತೆ.

"ಏನಲೇ, ಮನಿ ನೋಡ್ಲಾಕತ್ತೀಯೋ, ಮಗಳಿಗೆ ವರ ನೋಡ್ಲಾಕತ್ತೀಯೋ?" ಅಂದಳು ರೂಪಾ. ಕಲಬುರಗಿಯವಳು, ಸುಮ್ಮನಿರುವವಳಲ್ಲ.

ಆಗ ಅವಳಿಗೆ ಎಲ್ಲಾ ಹೇಳಿದೆ: ನಿನ್ನ ಮದುವೆಗೆ ಗೆಳತಿ ಗೋದಾವರಿ ಮೌಶಿ ತಾನೇ ಬಿಡಿಸಿ ಕೊಟ್ಟ ಜಲವರ್ಣದ ಚಿತ್ರ, ನಾಸಿಕ್‌ನ ಹಳೇ ಓಣಿ, ಬೋರಲು ಹಾಕಿದ ತಾಮ್ರದ ಹಂಡೆ, ಅರ್ಧ ತೆರೆದ ಹಳದಿ ಬಾಗಿಲು. ಪ್ರತಿ ವರ್ಗಾವಣೆಯಲ್ಲೂ ನೀನು ಅದನ್ನು ಲಾರಿಗೆ ಹಾಕದೆ, ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದದ್ದು. ಹಾಲು ಉಕ್ಕಿಸುವ ಮೊದಲೇ ಅದಕ್ಕೆ ಮೊಳೆ ಹೊಡೆಸಿದ್ದು. (ನಾನು ಕಂಡದ್ದಲ್ಲ, ಪಪ್ಪಾ ಹೇಳಿದ್ದು.)

ಆರನೇ ಮನೆಯ ಹಾಲ್‌ನಲ್ಲಿ ಉತ್ತರದ ಗೋಡೆ, ಒಣ ಒಣ! "ಎಂಟು ದಿನಕ್ಕೊಮ್ಮಿ ನೀರು ಬರೂ ಊರಾಗ ಗ್ವಾಡಿ ಎಲ್ಲಿಂದ ಹಸಿ ಆಗ್ಬೇಕು?" ಅಂದಳು ರೂಪಾ. ನಾನು ಅಳತೆ ಹಿಡಿಯುವುದನ್ನು ನೋಡಿ ಮನೆಯೊಡತಿ ಕಾಶಿಬಾಯಿ ಮರಾಠಿಯಲ್ಲಿ ನಕ್ಕರು, ನಿನಗೆ ಬಾಡಿಗೆಗೆ ಮನೆ ಬೇಕೋ ಬರೀ ಗೋಡೆ ಸಾಕೋ ಅಂತ. ಆಮೇಲೆ ಪುಸ್ತಕ ತೆರೆದು, "ಕಿತೀ ಮಾಣಸಂ?" ಎಷ್ಟು ಮಂದಿ ಅಂತ ಕೇಳಿದರು.

"ದೋನ್" ಅಂದೆ. ಎರಡು ಅಂತ ಬರೆದುಕೊಂಡರು. ರೂಪಾ ನನ್ನ ಮುಖ ನೋಡಿದಳು.

ಅಡುಗೆಮನೆಗೆ ದೊಡ್ಡ ಕಿಟಕಿ ಇದೆ. ಬಾಲ್ಕನಿ ಪಕ್ಕ ಒಂದು ಸಣ್ಣ ರೂಮೂ ಇದೆ, ಕೌದಿಗಳನ್ನು, ಪಪ್ಪಾನ ಹಳೇ ಪೇಪರ್‌ಗಳನ್ನು ಇಡಲು ಬರುತ್ತದೆ. ನಿನಗೆ ಬಹಳ ಸೇರುತ್ತದೆ, ನೋಡುತ್ತಿರು!

ಪಪ್ಪಾಗೆ ನಮಸ್ಕಾರ ತಿಳಿಸು. ರಿಸಲ್ಟ್‌ನ ಹೆದರಿಕೆ ಇದೆ, ಇಬ್ಬರ ಆಶೀರ್ವಾದವೂ ಬೇಕು.

ನಿನ್ನ,
ರುಚಿತಾ

ತಾ.ಕ.: ದೋನ್ ಅಂದದ್ದು ಗಡಿಬಿಡಿಗಲ್ಲ ಮಮ್ಮಿ, ರೂಢಿ. ಎರಡನೇ ಕ್ಲಾಸಿನಿಂದ ಹಾಸ್ಟೆಲ್ ಫಾರ್ಮ್ ನೀವೇ ತುಂಬುತ್ತಿದ್ದಿರಿ, ಈ ಸಲ ಕಾಲೇಜಿನವರು ನನ್ನ ಕೈಗೆ ಕೊಟ್ಟಿದ್ದಾರೆ. ಚಿತ್ರ ಎಲ್ಲಿ ಹಾಕೋಣ ಎಂದು ನಾಲ್ಕು ಸಲ ಕೇಳಿದೆ ನೀನು. ನಾನು ಎಲ್ಲಿ ಮಲಗುತ್ತೇನೆಂದು ಒಮ್ಮೆಯೂ ಕೇಳಲಿಲ್ಲ. ಸಣ್ಣ ರೂಮಿನ ಗೋಡೆಗೂ ಅಂಗೈ ಹಚ್ಚಿ ನೋಡಿದ್ದೇನೆ, ಅದೂ ಒಣಗಿದೆ. ಫಾರ್ಮ್ ಇನ್ನೂ ತುಂಬಿಲ್ಲ. ಕಾಶಿಬಾಯಿ ಎರಡು ಅಂತ ಬರೆದದ್ದು ಪೆನ್ಸಿಲ್‌ನಲ್ಲಿ, ಅಳಿಸಲು ಬರುತ್ತದೆ. ಶನಿವಾರದೊಳಗೆ ಫೋನ್ ಮಾಡು. ಗೋಡೆಯ ಬಗ್ಗೆ ಕೇಳಬೇಡ.