ಎಡಗೈ ಗಿಟಾರಿಗೆ ಬೇಡಿಕೆಯೇ ಇಲ್ಲ ಎಂದವರಿಗೆ

ದೊಡ್ಡ ವಾದ್ಯ ಮಳಿಗೆಗಳ ಸರಣಿಯೊಂದರ ಖರೀದಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಡಾ. ರಾಜ್‌ಕುಮಾರ್ ರಸ್ತೆಯಲ್ಲಿರುವ ತಮ್ಮ ಮೂರಂತಸ್ತಿನ ಮಳಿಗೆಯಲ್ಲಿ ನಾನು ಎಣಿಸಿದ ಗಿಟಾರುಗಳು ನೂರಾ ಹದಿನೆಂಟು. ಅವುಗಳಲ್ಲಿ ನೂರಾ ಹದಿನಾಲ್ಕು, ಬಣ್ಣ ಒಂದನ್ನು ಬಿಟ್ಟರೆ, ಒಂದೇ ಗಿಟಾರು. ಉಳಿದ ನಾಲ್ಕು ಒಳ್ಳೆಯವು. ಅವು ಗಾಜಿನ ಬೀರುವಿನಲ್ಲಿ, ಬೀಗದೊಳಗೆ ಇವೆ. ಎಡಗೈಯಲ್ಲಿ ನುಡಿಸುವವರಿಗೆಂದು ಮಾಡಿದ್ದು ಆ ನಾಲ್ಕರಲ್ಲಿ ಒಂದೂ ಇಲ್ಲ, ಆ ನೂರಾ ಹದಿನಾಲ್ಕರಲ್ಲೂ ಇಲ್ಲ. ನನ್ನ ಮಗಳು ಎಡಗೈಯವಳು. ಮುಂದಿನ ತಿಂಗಳ ಇಪ್ಪತ್ತೆರಡರಂದು ಸಂಗೀತ ಕಾಲೇಜೊಂದರ ಪ್ರವೇಶ ಪರೀಕ್ಷೆಗೆ ಅವಳು ಎರಡನೆಯ ಸಲ, ಕೊನೆಯ ಸಲ, ಕೂರಬೇಕು. ಅಷ್ಟರೊಳಗೆ ಅವಳ ಕೈಗೆ ಹೊಂದುವ ಒಳ್ಳೆಯ ಗಿಟಾರು ಸಿಗಬೇಕು. ದೂರು ಇಷ್ಟೇ. ಇದನ್ನು ತಮಗೆ ಮೂರು ಸಲ ಇಮೇಲ್ ಮಾಡಿದೆ. ಮೂರು ಸಲವೂ ‘ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂಬ ಮರುಪ್ರಶ್ನೆ ಬಂತು. ಹಾಗಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ; ಮೊದಲು ತಮ್ಮ ತಪ್ಪು ಹೇಳಿ ಆಮೇಲೆ ನನ್ನದಕ್ಕೆ ಬರುತ್ತೇನೆ, ಮನುಷ್ಯ ಸ್ವಭಾವ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಗುಮಾಸ್ತ. ಇಲ್ಲ ಎನ್ನುವುದನ್ನು ಎಷ್ಟು ಗಂಭೀರವಾಗಿ ಹೇಳಬಹುದೆಂದು ನನಗೆ ಯಾರೂ ಕಲಿಸಬೇಕಿಲ್ಲ. ‘ಅವಕಾಶವಿರುವುದಿಲ್ಲ’, ‘ಪ್ರಸ್ತಾವ ಪರಿಶೀಲನೆಯಲ್ಲಿದೆ’, ‘ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು’, ಇವೆಲ್ಲ ನನ್ನ ಬೆರಳ ತುದಿಯಲ್ಲಿವೆ. ಆದರೂ ತಮ್ಮ ಮಳಿಗೆಯ ಮುಂದೆ ನಾನು ಸೋತೆ. ನಮ್ಮ ಕಚೇರಿಯಲ್ಲಿ ಇಲ್ಲ ಎನ್ನುವುದಕ್ಕೆ ಹವಾನಿಯಂತ್ರಣವಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಸ್ವಾಗತಕ್ಕೆ ಬಲೂನಿಲ್ಲ. ದರ್ಶಿನಿ ಹೋಟೆಲಿನ ಗೋಡೆಯ ತುಂಬ ನಲವತ್ತು ತಿಂಡಿಯ ಹೆಸರು ಬರೆದು, ಕೇಳಿದರೆ ‘ಇಡ್ಲಿ ಇದೆ ಸಾರ್’ ಅನ್ನುತ್ತಾರಲ್ಲ, ಹಾಗಿದೆ ತಮ್ಮ ವ್ಯವಹಾರ. ಕಲಿಯಲು ಶುರುಮಾಡುವವನಿಗೆ ಕೆಂಪು, ನೀಲಿ, ಸೂರ್ಯಾಸ್ತದ ಬಣ್ಣ, ಜೊತೆಗೆ ಉಚಿತ ಚೀಲ, ಉಚಿತ ಬೆಲ್ಟು. ಕಲಿತವನಿಗೆ? ಅವನಿಗೆ ಗಾಜು. ಕಲಿತವರು ಇರಬಾರದು ಅಂತಲೇ ತಮ್ಮ ಆಶಯವೇ? ಎಲ್ಲರೂ ಮೂರು ತಿಂಗಳು ನುಡಿಸಿ ಮಂಚದ ಕೆಳಗೆ ಸೇರಿಸಲಿ ಎಂದು ಲೆಕ್ಕ ಹಾಕಿಯೇ ಖರೀದಿ ಮಾಡುತ್ತೀರಾ?

ಹೋದ ಶನಿವಾರ ಮಗಳು ವಚನಾಳನ್ನು ಕರೆದುಕೊಂಡು ಬಂದಿದ್ದೆ. ಅವಳಿಗೆ ಹದಿನೇಳು. ತಮ್ಮ ಮಾರಾಟ ಸಹಾಯಕಿ ರಮ್ಯ ಬಹಳ ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಯಾವ ದೂರೂ ಇಲ್ಲ, ದಯವಿಟ್ಟು ಅವಳಿಗೆ ನೋಟೀಸು ಕೊಡಬೇಡಿ.

“ಒಳ್ಳೇ ಗಿಟಾರ್ ತೋರಿಸಮ್ಮ” ಅಂದೆ.

“ಪ್ರೀಮಿಯಂ ಅಂದ್ರೆ ಈ ನಾಲ್ಕೇ ಸಾರ್. ಕೀ ಮ್ಯಾನೇಜರ್ ಹತ್ರ ಇದೆ.”

“ಮ್ಯಾನೇಜರ್ ಎಲ್ಲಿ?”

“ಕೆಂಗೇರಿ ಬ್ರಾಂಚಲ್ಲಿದಾರೆ ಸಾರ್. ಅಲ್ಲಿ ಕೀ ಇದೆ, ಗಿಟಾರ್ ಇಲ್ಲ.”

ವಚನಾ ಮೆಲ್ಲಗೆ ಕೇಳಿದಳು, “ಲೆಫ್ಟ್ ಹ್ಯಾಂಡ್ ಯಾವ್ದಾದ್ರೂ ಇದ್ಯಾ?”

“ಲೆಫ್ಟಿ ಕಂಪನಿಯವ್ರು ಮಾಡ್ತಾರೆ ಮ್ಯಾಮ್, ನಮ್ಮೋರು ತರ್ಸಲ್ಲ ಅಷ್ಟೆ. ರೈಟ್‌ದೇ ತಗೊಂಡು ಸ್ಟ್ರಿಂಗ್ ಉಲ್ಟಾ ಹಾಕ್ಕೊಳಿ, ತುಂಬ ಜನ ಹಂಗೇ ಮಾಡ್ತಾರೆ.”

ಕಂಪನಿಯವರು ಮಾಡುತ್ತಾರೆ ಎಂಬ ಮಾತು ಕೇಳಿದ ಕೂಡಲೇ ನಾನು ಗಾಜಿನ ಬೀರುವಿನೊಳಗಿನ ಬೆಲೆ ಚೀಟಿ ಓದುವವನಂತೆ ಅತ್ತ ತಿರುಗಿದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ವಚನಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. “ಪರ್ವಾಗಿಲ್ಲ, ಥ್ಯಾಂಕ್ಸ್” ಅಂದು ಮೆಟ್ಟಿಲಿಳಿದು ಹೋದಳು.

ತಂತಿ ಉಲ್ಟಾ ಹಾಕುವ ಉಪಾಯದ ಬಗ್ಗೆ ತಮ್ಮ ಮಾಹಿತಿಗಾಗಿ ಎರಡು ಮಾತು. ಬಲಗೈ ಗಿಟಾರಿನ ಕತ್ತಿನ ತುದಿಯಲ್ಲಿ, ತಂತಿ ಕೂರಲೆಂದು, ದಪ್ಪ ತಂತಿಗೆ ದಪ್ಪ ಕಚ್ಚು, ಸಣ್ಣದಕ್ಕೆ ಸಣ್ಣ ಕಚ್ಚು ಕೊರೆದಿರುತ್ತಾರೆ. ತಿರುಗಿಸಿ ಕಟ್ಟಿದರೆ ಸಣ್ಣ ತಂತಿ ದೊಡ್ಡ ಕಚ್ಚಿನಲ್ಲಿ ಅಲ್ಲಾಡುತ್ತದೆ, ಶ್ರುತಿ ನಿಲ್ಲುವುದಿಲ್ಲ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ನಡೆಯಬಹುದು. ಓಟದ ಪಂದ್ಯಕ್ಕೆ ಹೋಗಲಾಗದು. ನನ್ನ ಮಗಳು ಹಾಗೆಯೇ ಹೋದಳು. ಮೊದಲ ಏಳು ವರ್ಷ ಬಲಗೈಯವರಂತೆ ನುಡಿಸಿದಳು. ಅವಳ ಮೇಷ್ಟ್ರು ಯೋಗಾನಂದ, “ಬೆರಳೇನೋ ಓಡ್ತವೆ ಸಾರ್, ಯಾಕೋ ತಾಳದ ಹತ್ರ ತೊಡರಿಕೊಳ್ತಾಳೆ” ಎನ್ನುತ್ತಿದ್ದರು. ಹೋದ ವರ್ಷ ಒಂದು ಭಾನುವಾರ ಯಾರನ್ನೂ ಕೇಳದೆ ತಂತಿಯೆಲ್ಲ ಬಿಚ್ಚಿ, ತಿರುಗಿಸಿ ಕಟ್ಟಿ, ಎಡಗೈಯಲ್ಲಿ ಶುರುಮಾಡಿದಳು. ತಿಂಗಳೊಪ್ಪತ್ತಿನಲ್ಲಿ ತೊಡರು ಹೋಯಿತು. ಯೋಗಾನಂದ ಮೇಷ್ಟ್ರು ಇನ್ನೊಮ್ಮೆ ನುಡಿಸಲು ಹೇಳಿದರು. ಆಮೇಲೆ, “ಏಳು ವರ್ಷ ನಾನು ಇವಳ ಕೈಗೆ ಪಾಠ ಹೇಳಿಲ್ಲ, ಇವಳ ಕೈ ಜೊತೆ ಜಗಳ ಆಡಿದೀನಿ” ಅಂದರು. ಆದರೆ ಗಿಟಾರು ಮಾತ್ರ ಚಿಕ್ಕಂದಿನಲ್ಲಿ ತಮ್ಮಲ್ಲೇ ಕೊಂಡಿದ್ದ ಅದೇ ಅಗ್ಗದ ಕೆಂಪು ಗಿಟಾರು. ಮೊದಲ ಪರೀಕ್ಷೆಯಲ್ಲಿ ಎರಡನೆಯ ಕೃತಿಯ ನಡುವೆ ಸಣ್ಣ ತಂತಿ ಕಚ್ಚಿನಿಂದ ಜಾರಿತು. ಪರೀಕ್ಷಕರು, ಚೆನ್ನಾಗಿ ನುಡಿಸುತ್ತೀಯಮ್ಮ, ಒಳ್ಳೆಯ ವಾದ್ಯ ಯಾಕೆ ತಂದಿಲ್ಲ ಎಂದು ಕೇಳಿದರಂತೆ. ಇವಳು, “ನಮ್ ಕಡೆ ಸಿಗಲ್ಲ ಸಾರ್” ಅಂದಳಂತೆ. ಅವರು ಕರುಣೆಯಿಂದ ಇನ್ನೊಂದು ಅವಕಾಶ ಕೊಟ್ಟಿದ್ದಾರೆ.

ಆನ್‌ಲೈನ್ ತರಿಸಿಕೊಳ್ಳಿ ಎನ್ನುತ್ತೀರಿ. ತಮ್ಮದೇ ಜಾಲತಾಣದಲ್ಲಿ ಎಡಗೈಯದಕ್ಕೆ ‘ದಾಸ್ತಾನು ಇಲ್ಲ’ ಎಂದಿದೆ. ಬೇರೆಯವರ ಕಡೆ ಇದ್ದರೂ ಕೈಗೆತ್ತಿಕೊಂಡು ನೋಡದೆ ಒಳ್ಳೆಯ ಗಿಟಾರು ಕೊಳ್ಳುವುದು ಹೇಗೆ? ನಮ್ಮವ್ವ ಫೋಟೋ ಕೂಡ ನೋಡದೆ ನಮ್ಮಪ್ಪನನ್ನು ಒಪ್ಪಿಕೊಂಡಳು, ಅದರ ಫಲ ಇವತ್ತಿಗೂ ಹೇಳುತ್ತಿರುತ್ತಾಳೆ.

ಇಷ್ಟೆಲ್ಲ ಆದ ಮೇಲೆ ತಮ್ಮ ಮುಖ್ಯ ಕಚೇರಿಗೆ ಫೋನು ಮಾಡಿದೆ. ಫೋನೆತ್ತಿದವರು ಕಂಪ್ಯೂಟರು ನೋಡಿ, “ಸಾರ್, ವೆಸ್ಟ್ ಬೆಂಗಳೂರಿಂದ ಲೆಫ್ಟ್ ಹ್ಯಾಂಡ್‌ಗೆ ಇದುವರೆಗೂ ಒಂದೂ ಡಿಮ್ಯಾಂಡ್ ರೆಕಾರ್ಡ್ ಆಗಿಲ್ಲ” ಅಂದರು. ನನಗೆ ರೇಗಿಹೋಯಿತು. ರಾಜಾಜಿನಗರದ ಆರೂ ಬ್ಲಾಕು, ಬಸವೇಶ್ವರನಗರ, ವಿಜಯನಗರ, ನಾಗರಬಾವಿಯ ಅಷ್ಟೂ ಬಾಡಿಗೆ ಕೋಣೆಗಳು, ಇಷ್ಟರಲ್ಲಿ ಒಬ್ಬನೂ ಒಬ್ಬಳೂ ಎಡಗೈಯವರಿಲ್ಲವೇ? ತುಮಕೂರು ರಸ್ತೆಯಿಂದ ಮೈಸೂರು ರಸ್ತೆಯವರೆಗೆ ದೇವರು ಬಲಗೈ ಮಾತ್ರ ಹಂಚಿದನೇ? ಹೀಗೆಲ್ಲ ಕೂಗಾಡಿ ಫೋನಿಟ್ಟೆ. ಇಟ್ಟ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಏಕೆಂದರೆ ತಮ್ಮ ಕಂಪ್ಯೂಟರು ಹೇಳಿದ್ದು ನಿಜ. ಬೇಡಿಕೆ ದಾಖಲಾಗಿಲ್ಲ. ಯಾಕೆ ದಾಖಲಾಗಿಲ್ಲ ಎಂಬುದು ತಮಗೆ ಗೊತ್ತಿಲ್ಲ, ನನಗೆ ಗೊತ್ತು.

ಎಂಟು ವರ್ಷದ ಹಿಂದೆ ಇದೇ ರಸ್ತೆಯ ತಮ್ಮ ಹಳೆಯ ಮಳಿಗೆಗೆ ವಚನಾಳ ಮೊದಲ ಗಿಟಾರು ಕೊಳ್ಳಲು ಬಂದಿದ್ದೆ. ಅವಳಿಗೆ ಒಂಬತ್ತು. ಯಾವ ಗಿಟಾರು ಕೊಟ್ಟರೂ ತಿರುಗಿಸಿ ಹಿಡಿಯುತ್ತಿದ್ದಳು. ಅಂದಿನ ಮ್ಯಾನೇಜರು ನಕ್ಕು, “ಮಗು ಲೆಫ್ಟಿ ಸಾರ್. ಲೆಫ್ಟ್ ಹ್ಯಾಂಡ್ ಗಿಟಾರೇ ಬರುತ್ತೆ, ಸದ್ಯಕ್ಕೆ ನಮ್ಮಲ್ಲಿಲ್ಲ. ಈ ಬೇಡಿಕೆ ಪುಸ್ತಕದಲ್ಲಿ ಬರೀರಿ, ಮೇಲಿನೋರು ನೋಡಿ ತರಿಸ್ತಾರೆ” ಎಂದು ಪೆನ್ನು ಕೊಟ್ಟರು. ಯಾವ ವಸ್ತು, ಯಾರಿಗಾಗಿ, ಕೇಳುವವರಿಗೆ ಅವರು ಏನಾಗಬೇಕು, ಫೋನ್ ನಂಬರು, ಹೀಗೆ ನಾಲ್ಕು ಕಾಲಮು. ಬರೆಯಲು ಬಗ್ಗಿದ್ದೆ. ಆಗ ಹಿಂದಿನಿಂದ ಪರಿಚಿತ ಧ್ವನಿ ಕೇಳಿತು. ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ನಂಜುಂಡಪ್ಪನವರು, ಮೊಮ್ಮಗನಿಗೆ ಕೀಬೋರ್ಡ್ ಕೊಳ್ಳಲು ಬಂದಿದ್ದರು.

“ಏನ್ರೀ ಕೊಟ್ರೇಶ್, ಮಗಳು ಎಡಚೀನಾ? ನಾಳೆ ಅತ್ತೆ ಮನೇಲಿ ಎಡಗೈಲೇ ಬಡಿಸ್ತಾಳೇನ್ರೀ?”

ಅಂಗಡಿಯಲ್ಲಿದ್ದ ಇಬ್ಬರು ಮೂವರು ನಕ್ಕರು. ನಾನು ಪೆನ್ನಿನ ಕ್ಯಾಪು ಹಾಕಿದೆ.

“ಛೆ ಛೆ, ನನ್ ಮಗಳಿಗಲ್ಲ ಸಾರ್. ಯಾರೋ ಪರಿಚಯದವರ ಮಗೂಗೆ, ಸುಮ್ನೆ ವಿಚಾರಿಸ್ತಿದ್ದೆ” ಅಂದೆ.

ಆ ಹೊತ್ತಿಗೆ ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು ಎಂದು ನೆಪ ಹೇಳಬಹುದು. ಇರಲಿಲ್ಲ. ನಂಜುಂಡಪ್ಪನವರು ಕೆಟ್ಟವರೂ ಅಲ್ಲ, ಅದೊಂದು ತಮಾಷೆ, ಮರುದಿನಕ್ಕೆ ಮರೆತಿದ್ದರು. ಸುಮ್ಮನೆ ನನಗೆ ಅವಮಾನವಾದಂತಾಯಿತು, ಮಗಳನ್ನು ಇಲ್ಲವೆಂದೆ. ಪುಸ್ತಕ ಮುಚ್ಚಿಟ್ಟು, ನಾಲ್ಕು ಹೆಜ್ಜೆ ಆಚೆ ತಮಟೆ ತಬಲಗಳ ನಡುವೆ ನಿಂತಿದ್ದ ಅವಳ ಬಳಿ ಹೋಗಿ, “ಎಡಗೈ ಗಿಟಾರು ಪ್ರಪಂಚದಲ್ಲೇ ಯಾರೂ ಮಾಡಲ್ಲ ಪುಟ್ಟಾ. ಎಲ್ರೂ ಬಲಗೈಲೇ ಕಲಿಯೋದು” ಅಂದೆ. ಅವಳು ಕೆಂಪು ಗಿಟಾರನ್ನು ಸರಿಯಾಗಿ, ಎಂದರೆ ಅವಳಿಗೆ ತಪ್ಪಾಗಿ, ತಿರುಗಿಸಿ ಹಿಡಿದುಕೊಂಡಳು. ಇದನ್ನು ನಾನು ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ.

ಹೋದ ಶನಿವಾರ ಮನೆಗೆ ಬಂದವನೇ ತಮ್ಮನ್ನು ಬಯ್ಯತೊಡಗಿದ್ದೆ. ಬಯ್ದೂ ಬಯ್ದೂ ಬಾಯಾರಿದಾಗ, ಎಂಟು ವರ್ಷ ಮುಚ್ಚಿಟ್ಟಿದ್ದ ಈ ಸುಳ್ಳನ್ನು ಎಲ್ಲರ ಮುಂದೆ ಹೇಳಿಬಿಟ್ಟೆ. ನಮ್ಮವ್ವ ನೀಲಮ್ಮ, ಕೊಟ್ಟೂರಿನ ಕಡೆಯವಳು, ಕೇಳಿಸಿಕೊಂಡು ನೇರವಾಗಿ ಕೇಳಿದಳು.

“ಎಡಗೈ ಅಂದ್ರ ನಾಚಿಕಿ ಆತೇನೋ ನಿನಗ? ದಿನಾ ಮುಂಜಾನೆ ಪೂಜಿಗೆ ಕುಂತಾಗ ಲಿಂಗಪ್ಪನ್ನ ಯಾವ ಕೈಯಾಗ ಇಟ್ಕಂತಿ?”

ನಲವತ್ತು ವರ್ಷದಿಂದ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡುವವನು, ಮಗಳು ಅದೇ ಕೈ ಚಾಚಿದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದೆ. ಇದಕ್ಕೆ ಯಾವ ಕಚೇರಿಯ ಭಾಷೆಯಲ್ಲಿ ಸಮಜಾಯಿಷಿ ಬರೆಯಲಿ?

ವಚನಾಳ ಕಡೆ ತಿರುಗಿ, “ತಪ್ಪಾಯ್ತಮ್ಮ, ನಿಂಗೆ ಸುಳ್ಳು ಹೇಳ್ದೆ” ಅಂದೆ. ಅವಳು ತಂತಿ ಬಿಗಿ ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತು ಅಪ್ಪ. ಅವತ್ತು ಎಲ್ಲಾ ಕೇಳಿಸ್ತು. ಅದಕ್ಕೇ ಆಮೇಲೆ ನಿಮ್ಮನ್ನ ಕೇಳ್ಲೇ ಇಲ್ಲ.”

ಮುಂದಿನ ತಂತಿಗೆ ಕೈಹಾಕುತ್ತ ಅವಳೇ ಹೇಳಿದಳು. “ಆದ್ರೆ ಒಂದ್ ವಿಷ್ಯ ನಿಜ ಅಂತ ನಂಬಿದ್ದೆ. ಪರಿಚಯದವರ ಮಗು ಅಂದ್ರಲ್ಲ, ಅಂಥ ಮಗು ಇನ್ನೊಂದಿದೆ ಅನ್ಕೊಂಡಿದ್ದೆ. ನಮ್ಮನೆಗೆ ಯಾರೇ ಬಂದ್ರೂ, ಅವ್ರ ಮಕ್ಕಳು ಯಾವ ಕೈಲಿ ಲೋಟ ಹಿಡೀತಾರೆ ಅಂತ ನೋಡ್ತಿದ್ದೆ. ತುಂಬಾ ದಿನ ನೋಡ್ದೆ.”

ಮಾನ್ಯರೇ, ನನಗೆ ಐವತ್ತೊಂದು ವರ್ಷ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಆದ್ದರಿಂದ ಈ ಪತ್ರದಲ್ಲಿ ತಮ್ಮ ಮೇಲೆ ಹೊರಿಸಿದ ಅಪರಾಧದಲ್ಲಿ ಅರ್ಧ ಪಾಲು ನನ್ನದೆಂದು ತಿದ್ದಿಕೊಳ್ಳುತ್ತೇನೆ. ಅರ್ಧ ಮಾತ್ರ. ಒಬ್ಬ ಹೇಡಿ ಬರೆಯದೆ ಹೋದ ಮಾತ್ರಕ್ಕೆ ಒಂದು ಇಡೀ ಊರಿನಲ್ಲಿ ಎಡಗೈಯೇ ಇಲ್ಲವೆಂದು ತೀರ್ಮಾನಿಸುವ ಖರೀದಿ ವಿಭಾಗಕ್ಕೆ ಉಳಿದರ್ಧ ಸಲ್ಲಬೇಕು. ನನ್ನಂಥವರು ಎಷ್ಟು ಜನ ಪೆನ್ನಿನ ಕ್ಯಾಪು ಹಾಕಿ ಹೋಗಿದ್ದಾರೋ ತಮಗೇನು ಗೊತ್ತು? ಅಂಗಡಿಯಲ್ಲಿ ಕಾಣದ್ದನ್ನು ಮಕ್ಕಳು ಕೇಳುವುದಿಲ್ಲ. ಅದು ಇಲ್ಲ ಎಂದು ತಿಳಿದು, ತಮ್ಮಲ್ಲೇ ಏನೋ ಊನ ಎಂದುಕೊಂಡು, ಕೈ ಬದಲಿಸುತ್ತಾರೆ. ನನ್ನ ಹೆಂಡತಿ ಸುಮಾ ಈ ಕಾಗದದ ಕರಡು ಓದಿ, “ಇಷ್ಟುದ್ದ ಬರೆಯೋ ಬದ್ಲು ಅವತ್ತು ಒಂದು ಸಾಲು ಬರ್ದಿದ್ರೆ ಆಗ್ತಿತ್ತಲ್ರೀ” ಅಂದಳು. ಹೌದು, ಆಗುತ್ತಿತ್ತು.

ಬೇಡಿಕೆ ಹೀಗಿದೆ. ನಗರದ ಈ ಪಶ್ಚಿಮ ಭಾಗದ ತಮ್ಮ ಒಂದಾದರೂ ಮಳಿಗೆಯಲ್ಲಿ, ಒಳ್ಳೆಯದೊಂದು ಎಡಗೈ ಗಿಟಾರನ್ನು, ಬೀಗವಿಲ್ಲದೆ, ಒಂಬತ್ತು ವರ್ಷದ ಮಗುವಿನ ಕೈಗೂ ಎಟುಕುವ ಎತ್ತರದಲ್ಲಿ ತೂಗುಹಾಕಿ. ಕೊಳ್ಳದವರೂ ನುಡಿಸಿ ನೋಡಲಿ. ಇಪ್ಪತ್ತೆರಡರೊಳಗೆ ಬಂದರೆ ಅದನ್ನು ನಾವು ಕೊಳ್ಳುತ್ತೇವೆ, ಆ ಜಾಗದಲ್ಲಿ ಇನ್ನೊಂದು ಬರಬೇಕು. ಬರದೇ ಹೋದರೆ ಅವಳು ಅದೇ ಕೆಂಪು ಗಿಟಾರು ತೆಗೆದುಕೊಂಡು ಎಡಗೈಯಲ್ಲೇ ನುಡಿಸುತ್ತಾಳೆ, ತಂತಿ ಜಾರಿದರೆ ಜಾರಲಿ ಎಂದಿದ್ದಾಳೆ. ಈ ಸಲ ಪರೀಕ್ಷೆಗೆ ಜೊತೆಯಲ್ಲಿ ಹೋಗಿ ಎದುರಿಗೆ ಕೂರುತ್ತೇನೆ. ಯಾರಿಗಾಗಿ ಬಂದಿರಿ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.

ದಾಖಲೆ ಇಲ್ಲವೆಂದಿರಿ. ತಮ್ಮ ಹಳೆಯ ಪುಸ್ತಕ ಈಗ ಎಲ್ಲಿದೆಯೋ ತಿಳಿಯದು, ಈ ಬಹಿರಂಗ ಪತ್ರವನ್ನೇ ದಾಖಲೆಯೆಂದು ಪರಿಗಣಿಸಿ ನಮೂದಿಸಿಕೊಳ್ಳಬೇಕಾಗಿ ಕೋರುತ್ತೇನೆ. ಬೇಕಾದ ವಸ್ತು: ಎಡಗೈ ಗಿಟಾರು, ಒಳ್ಳೆಯದು. ಯಾರಿಗಾಗಿ: ವಚನಾ. ಕೇಳುವವರಿಗೆ ಏನಾಗಬೇಕು: ಮಗಳು. ನನ್ನ ಸ್ವಂತ ಮಗಳು.

ಇಂತಿ,
ಎಂಟು ವರ್ಷ ತಡವಾಗಿ ಬರೆಯುತ್ತಿರುವ
ಕೊಟ್ರೇಶ್
ವಿಜಯನಗರ, ಬೆಂಗಳೂರು