ಗುರುಗಳ ಕೆಮ್ಮು

ಮೌಲಮ್ಯಾಯಿಂಗ್
ಭಾನುವಾರ, 18 ಸೆಪ್ಟೆಂಬರ್ 2011

ಪ್ರೀತಿಯ ತಂಗಿ ಯಿನ್ ಮ್ಯಾಗೆ,

ನೀನು, ನಿನ್ನ ಮಗಳು, ಅಳಿಯ ಮೂವರೂ ಆ ತೌಂಜಿಯ ಚಳಿಯಲ್ಲಿ ಬೆಚ್ಚಗಿರಲಿ ಎಂದು ಬೆಳಿಗ್ಗೆ ಬುದ್ಧನ ಮುಂದೆ ನೀರಿನ ಬಟ್ಟಲಿಟ್ಟು ಕೇಳಿಕೊಂಡೆ. ಆಮೇಲೆ ಈ ಕಾಗದ ಬರೆಯಲು ಕೂತೆ. ನಿನ್ನ ಪತ್ರ ಬಂದಾಗ ಮಳೆ ಆಗತಾನೇ ಶುರುವಾಗಿತ್ತು, ಈಗ ಮುಗಿಯುತ್ತಾ ಬಂದಿದೆ. ಇಷ್ಟು ತಡ ಮಾಡಿದ್ದಕ್ಕೆ ನೀನು ಮುನಿಸಿಕೊಂಡಿರುತ್ತೀ. ಮುನಿಸು ನ್ಯಾಯವೇ. ಆದರೆ ನಾವಿಬ್ಬರೂ ಸೇರಿ ಕಟ್ಟಿದ ಧ್ಯಾನಮಂದಿರ ಉಳಿಯುತ್ತದೋ ಮುಚ್ಚುತ್ತದೋ ಗೊತ್ತಿಲ್ಲದೆ ನಿನಗೆ ಏನೆಂದು ಬರೆಯಲಿ? ಅರ್ಧ ಸುದ್ದಿ ಬರೆದು ನಿನ್ನ ನಿದ್ದೆ ಕೆಡಿಸುವುದು ನನಗೆ ಇಷ್ಟವಿರಲಿಲ್ಲ.

ನೀನು ಕಳಿಸಿದ ಚಹಾ ಎಲೆಯ ಉಪ್ಪಿನಕಾಯಿ ತಲುಪಿತು. ಎಲೆ ಎಳೆಯದು, ಚೆನ್ನಾಗಿದೆ. ಎಣ್ಣೆ ಮಾತ್ರ ಹೆಚ್ಚು. ನಿನ್ನ ಮಗಳು ಕಲಸಿರಬೇಕು, ಅವಳಿಗೆ ಹೇಳು.

ವಿಷಯ ಏನೆಂದರೆ, ನಮ್ಮ ಗುರುಗಳ ಕ್ಯಾಸೆಟ್ ಹೋಯಿತು.

ಗುರುಗಳು ತೀರಿಕೊಂಡ ಮೇಲೆ ಮಂದಿರದಲ್ಲಿ ಬೆಳಗಿನ ಧ್ಯಾನ ಒಂದು ದಿನವೂ ತಪ್ಪಲಿಲ್ಲ ಅಂದರೆ ಅದಕ್ಕೆ ಆ ಕ್ಯಾಸೆಟ್ಟೇ ಕಾರಣ. ಅವರು ಇಲ್ಲದಿದ್ದರೂ ಅವರ ಧ್ವನಿ ಇತ್ತು. ಯಂತ್ರ ಹಾಕುವುದೂ ಆರಿಸುವುದೂ ನಾನೇ, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದರ ನಡುವೆ ಬರುವ ಕೆಮ್ಮು ನಿನಗೆ ಮರೆತಿರಲಾರದು. ಮುದ್ರಿಸಿದ ದಿನ ಅವರಿಗೆ ನೆಗಡಿಯಾಗಿತ್ತು. "ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ಗಮನಿಸಿ" ಎಂದು ಹೇಳುತ್ತಾ ಹೇಳುತ್ತಾ ಎರಡು ಸಲ ಕೆಮ್ಮುತ್ತಾರೆ. ಆಗ ನಾವೆಲ್ಲ ಕಾಲು ಬದಲಿಸುತ್ತೇವೆ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಕೆಮ್ಮುವ ತನಕ ಕದಲಬಾರದು, ಕೆಮ್ಮಿದ ಕೂಡಲೇ ಬಲಗಾಲು ಒಳಗೆ, ಎಡಗಾಲು ಹೊರಗೆ. ಹೊಸಬರಿಗೂ ಹಾಗೆಯೇ ಕಲಿಸಿಕೊಂಡು ಬಂದೆವು. ಯಾಂಗೊನ್‌ನಿಂದ ಬಂದಿದ್ದ ಒಬ್ಬ ದೊಡ್ಡ ಮನುಷ್ಯರು ಬೆರಗಾಗಿ ಇದು ಯಾವ ಗುರುಪರಂಪರೆ ಎಂದು ಕೇಳಿದರೆ, ನಮ್ಮ ಕಾರ್ಯದರ್ಶಿ ಊ ತೌಂಗ್ ಮುಖ ಬಿಗಿದುಕೊಂಡು "ಇದು ನಮ್ಮ ಮಂದಿರದ್ದೇ ಪದ್ಧತಿ" ಅಂದುಬಿಟ್ಟ. ಸ್ಟೇಷನ್ ಮಾಸ್ಟರ್ ಆಗಿದ್ದವನಲ್ಲವೇ, ತಡವಾದ ರೈಲನ್ನೂ ಅದೇ ಮುಖದಲ್ಲಿ ಸಮರ್ಥಿಸಿಕೊಂಡವನು.

ಮಳೆಗಾಲದ ವ್ರತ ಶುರುವಾದ ಕೆಲವೇ ದಿನಕ್ಕೆ, ಧ್ಯಾನದ ನಡುವೆ ಗುರುಗಳ ಧ್ವನಿ ಇದ್ದಕ್ಕಿದ್ದಂತೆ ದಪ್ಪಗಾಗಿ ಕಪ್ಪೆ ವಟಗುಟ್ಟಿದ ಹಾಗೆ ಕೇಳಿಸಿತು. ಆಮೇಲೆ ಕೀರಲು. ಆಮೇಲೆ ಯಂತ್ರದೊಳಗೆ ಟೇಪು ಸುತ್ತಿಕೊಳ್ಳುವ ಸದ್ದು. ಕಣ್ಣು ತೆರೆದವರನ್ನು ನಾನು ಗದರಿಸಿದೆ: "ಯಾರೂ ಏಳಬೇಡಿ. 'ಕೇಳಿಸುತ್ತಿದೆ, ಕೇಳಿಸುತ್ತಿದೆ' ಅಂತ ಗಮನಿಸಿ." ಎಲ್ಲರೂ ವಿಧೇಯರಾಗಿ ಗಮನಿಸಿದರು. ಗಂಟೆ ಹೊಡೆದ ಮೇಲೆ ನೋಡಿದರೆ ಟೇಪು ಬಿಚ್ಚಿದ ಕರುಳಿನ ಹಾಗೆ ಹೊರಗೆ ಬಿದ್ದಿತ್ತು. ನದಿದಂಡೆಯ ರೇಡಿಯೊ ರಿಪೇರಿಯವನು ಬೆಳಕಿಗೆ ಹಿಡಿದು ನೋಡಿ, ಬೂಷ್ಟು ತಿಂದುಹಾಕಿದೆ, ಅಂಟಿಸಿದರೂ ನಿಲ್ಲುವುದಿಲ್ಲ ಅಂದ.

ಕೆಲವು ದಿನ ಗಂಟೆ ಹೊಡೆದು ಸುಮ್ಮನೆ ಕೂರಿಸಿದೆ. ಜನ ತೂಕಡಿಸಿದರು. ಆಮೇಲೆ ನಾನೇ ಹೇಳಲು ಶುರು ಮಾಡಿದೆ. ಕ್ಯಾಸೆಟ್ಟಿನ ಒಂದೊಂದು ಮಾತೂ ನನಗೆ ಬಾಯಿಪಾಠ. ಒಂದು ಅಕ್ಷರ ತಪ್ಪದೆ ಹೇಳಿದೆ. ಆದರೂ ದಿನದಿಂದ ದಿನಕ್ಕೆ ಬಾಗಿಲಲ್ಲಿ ಚಪ್ಪಲಿ ಕಡಿಮೆಯಾಗುತ್ತಾ ಬಂತು. ಗುಡ್ಡದ ಆಚೆ ಹೊಸ ಮಂದಿರ ಎದ್ದಿದೆ. ಅಲ್ಲಿ ಫ್ಯಾನು ಇದೆ, ಪ್ರವಚನ ಕೊಡಲು ಭಿಕ್ಷುಗಳಿದ್ದಾರೆ. ಒಬ್ಬೊಬ್ಬರಾಗಿ ಅಲ್ಲಿಗೆ ಹೋಗತೊಡಗಿದರು. ಊ ತೌಂಗ್ ಒಂದು ದಿನ ಚಹಾ ಕುಡಿಯುತ್ತಾ ತಲೆ ಕೆರೆದುಕೊಂಡ.

"ಅಕ್ಕಾ, ಬೈಯಲ್ಲ ಅಂದ್ರೆ ಒಂದ್ ಮಾತು."

"ಬೈಯುವ ಮಾತಾದರೆ ಬೈಯುತ್ತೇನೆ. ಹೇಳು."

"ಗುರುಗಳು ಉಸಿರು ನೋಡಿ ಅಂದ್ರೆ ಉಸಿರು ನೋಡ್ತಿದ್ವಿ. ನೀವು ಉಸಿರು ನೋಡಿ ಅಂದ್ರೆ ನಮ್ಗೆ ಉಸಿರೇ ನಿಂತುಹೋಗುತ್ತೆ. ನೀವೆಲ್ಲಿ ನಮ್ಮನ್ನ ನೋಡ್ತಾ ಇದೀರೋ ಅಂತ ಯಾರೂ ಕಣ್ಣೇ ಮುಚ್ತಾ ಇಲ್ಲ."

ನಾನು ಬೈಯಲಿಲ್ಲ. ಬೈಯಬೇಕಿತ್ತು, ಆದರೆ ಅವನು ಹೇಳಿದ್ದು ಸರಿ. ಹಿಂದಿನ ದಿನ ನಾನೇ ನೋಡಿದ್ದೆ, ಎರಡನೆಯ ಸಾಲಿನವರೆಲ್ಲರ ಕಣ್ಣೂ ತೆರೆದೇ ಇತ್ತು.

ಸಗಾಯಿಂಗ್‌ನಿಂದ ಒಬ್ಬರು ಸಯಾಲೇ, ಸನ್ಯಾಸಿನಿ, ಬಂದಿದ್ದಾರೆ, ಧ್ಯಾನ ಹೇಳಿಕೊಡುವುದರಲ್ಲಿ ಒಳ್ಳೆಯ ಹೆಸರಿದೆ, ವ್ರತ ಮುಗಿಯುವ ತನಕ ನಮ್ಮಲ್ಲೇ ಇರಲು ಒಪ್ಪಿದ್ದಾರೆ ಎಂದ ಅವನು. ಯಾರು ಎಂದು ಕೇಳಿದೆ. ಅವನು ಬಟ್ಟಲಿನೊಳಗೆ ನೋಡಿಕೊಂಡು ಹೇಳಿದ, "ಸಯಾಲೇ ಖೇಮಾವತಿ... ನಮ್ಮ ದೋ ಓನ್ ಮಗಳು."

ದೋ ಓನ್ ನಿನಗೆ ಗೊತ್ತು. ಮೇಲಿನ ಮಾರುಕಟ್ಟೆಯಲ್ಲಿ ಹುದುಗಿಸಿದ ಮೀನಿನ ಮುದ್ದೆ ಮಾರುವವಳು. ಒಂದು ಸಲ ನನಗೆ ಹಳೆಯ ಮಾಲು ಕಟ್ಟಿಕೊಟ್ಟಳೆಂದು ನಾನು ಅವಳ ಅಂಗಡಿಯ ಮುಂದೆ ಇಡೀ ಬೀದಿಗೆ ಕೇಳುವಂತೆ ಮಾತಾಡಿದವಳು. ಅವಳ ಮಗಳು, ಮೂಗು ಸುರಿಸುತ್ತಾ ಬುಟ್ಟಿಯ ಹಿಂದೆ ಕೂತಿರುತ್ತಿದ್ದ ಹುಡುಗಿ, ಗುರುಗಳು ಕೂತ ಮಣೆಯ ಮೇಲೆ ಕೂರುವುದು. ನಾನು ಕೆಳಗೆ ಕೂತು ಅವಳಿಗೆ ಮೂರು ಸಲ ಹಣೆ ಮುಟ್ಟಿಸುವುದು. ಆಗುವುದಿಲ್ಲ ಅಂದೆ.

ಊ ತೌಂಗ್ ಎದ್ದು ನಿಂತ. "ಆಗ್ಲಿ ಅಕ್ಕಾ. ಹಾಗಾದ್ರೆ ಬೀಗದ ಕೈ ನಿಮ್ಮ ಹತ್ರಾನೇ ಇಟ್ಕೊಳ್ಳಿ. ವ್ರತ ಮುಗಿದು ದೀಪದ ಹಬ್ಬ ಬರೋ ಹೊತ್ತಿಗೆ ಒಳಗೆ ಕೂರೋಕೆ ನಾವಿಬ್ರೇ ಇರೋದು. ನಂಗೂ ಸೊಂಟನೋವು."

ಮಂದಿರಕ್ಕೆ ನಾವು ತಲೆಯ ಮೇಲೆ ಇಟ್ಟಿಗೆ ಹೊತ್ತದ್ದು ನೆನಪಾಯಿತು. ನಿನ್ನ ತಲೆಯಲ್ಲಿ ಗಾಯವಾಗಿ ಬೋಳಿಸಿದಾಗ ಎಲ್ಲರೂ ನಿನ್ನನ್ನು ಸನ್ಯಾಸಿನಿಯೆಂದು ಕೈಮುಗಿದರಲ್ಲ. ಮಾರನೆಯ ದಿನ ಹೇಳಿಕಳಿಸಿದೆ, ಬರಲಿ ಅಂತ.

ಬಂದರು. ಮೂವತ್ತು ದಾಟಿದ್ದಾರೋ ಇಲ್ಲವೋ. ಗುಲಾಬಿ ನಿಲುವಂಗಿ, ಬೋಳಿಸಿದ ತಲೆ, ತಾಯಿಯದೇ ಅಗಲ ಮುಖ. ಅವರ ಹಿಂದೆಯೇ ದೋ ಓನ್ ಕೂಡ ಬಂದಳು, ತಲೆಗೆ ಹೂ ಮುಡಿದು, ಹೊಸ ಚಾಪೆ ಕಂಕುಳಲ್ಲಿ ಇರಿಸಿಕೊಂಡು. ಜೀವಮಾನದಲ್ಲಿ ಒಂದು ಸಲವೂ ಧ್ಯಾನಕ್ಕೆ ಕೂರದವಳು ಮುಂದಿನ ಸಾಲಿಗೆ ಬಂದು ನನ್ನ ಪಕ್ಕದಲ್ಲೇ ಚಾಪೆ ಹಾಸಿದಳು. ಎಲ್ಲರೂ ನಮಸ್ಕಾರಕ್ಕೆ ಬಾಗಿದರು. ನಾನು ನನ್ನ ಮಂಡಿಯನ್ನು ನೆಪ ಮಾಡಿಕೊಂಡು ಸ್ವಲ್ಪ ತಡೆದೆ.

"ಬಗ್ಗಿ ದೋ ತಾನ್ ಸೇನ್, ಬಗ್ಗಿ," ಎಂದಳು ದೋ ಓನ್ ಪಕ್ಕದಿಂದ. "ನನ್ ಹೊಟ್ಟೇಲ್ ಹುಟ್ಟಿದ್ದಕ್ಕೆ ನಾನೇ ಬಗ್ತಾ ಇವ್ನಿ. ನಿಮ್ದೇನ್ ಗಂಟು ಹೋಯ್ತದೆ?"

"ಮಂದಿರದೊಳಗೆ ಮಾತಾಡಬಾರದು."

"ಇದ್ ಮಾತಾ? ಪಿಸುಗುಟ್ಟೋದು. ಅಂಗ್ಡೀಲಿ ನಾನ್ ಮಾತಾಡೋದ್ ನೀವ್ ಕೇಳಿಲ್ವಾ?"

ಬಗ್ಗಿದೆ. ಮೂರು ಸಲ. ಅವಳಿಗಿಂತ ಮೊದಲೇ ಮುಗಿಸಿದೆ.

ಸಯಾಲೇ ಮೆಲ್ಲನೆ ಹೇಳಲು ಶುರು ಮಾಡಿದರು. ಧ್ವನಿ ತಾಯಿಯ ಹಾಗಲ್ಲ, ತಣ್ಣಗಿದೆ. ಹೇಳುವುದೂ ಕಡಿಮೆ. ಎಲ್ಲ ಸರಿಹೋಗುತ್ತಿತ್ತು, ಆದರೆ ಅವರು ಕೆಮ್ಮಲಿಲ್ಲ. ಹೇಗೆ ಕೆಮ್ಮಿಯಾರು? ಕೆಮ್ಮು ಬರಬೇಕಾದ ಹೊತ್ತು ಬಂತು, ಹೋಯಿತು. ನನ್ನ ಬಲಗಾಲಿನಲ್ಲಿ ಇರುವೆ ಹರಿದಾಡಿ, ಆಮೇಲೆ ಕಾಲೇ ಇಲ್ಲವಾಯಿತು. ಹಿಂದಿನಿಂದ ಮುದುಕಿಯರು ನರಳುವ ಸದ್ದು. ಊ ತೌಂಗ್ ಗಂಡಸರ ಕಡೆಯಿಂದ "ಅಯ್ಯಪ್ಪಾ" ಅಂದ. ಯಾರೂ ಕದಲಲಿಲ್ಲ. ಕೆಮ್ಮಿಲ್ಲದೆ ಹೇಗೆ ಕದಲುವುದು?

ಆಗ ದೋ ಓನ್‌ಗೆ ಗಂಟಲು ಕೆರೆಯಿತು. ಬೆಳಿಗ್ಗೆ ಮೆಣಸಿನಕಾಯಿ ಹುರಿದು ಬಂದಿದ್ದಳೋ ಏನೋ. ಎರಡು ಸಲ, ಗಟ್ಟಿಯಾಗಿ, ಖೊಳ್ ಖೊಳ್ ಅಂದಳು.

ಇಡೀ ಮಂದಿರ ಒಂದೇ ಸಲಕ್ಕೆ ಕಾಲು ಬದಲಿಸಿತು. ಗಂಡಸರ ಕಡೆ, ಹೆಂಗಸರ ಕಡೆ, ಬಲಗಾಲು ಒಳಗೆ, ಎಡಗಾಲು ಹೊರಗೆ, ಸರ್ರೆಂದು. ನಾನೂ. ನಾನೂ ಬದಲಿಸಿದೆ, ಯಿನ್ ಮ್ಯಾ. ನಿನಗಲ್ಲದೆ ಬೇರೆ ಯಾರಿಗೂ ಇದನ್ನು ಬರೆಯುತ್ತಿರಲಿಲ್ಲ.

ದೋ ಓನ್ ಕಣ್ಣು ಬಿಟ್ಟು ಹಿಂದೆ ತಿರುಗಿ ನೋಡಿದಳು, ಮುಂದೆ ನೋಡಿದಳು. "ಯವ್ವಾ! ನನ್ ಕೆಮ್ಮಿಗೆ ಇಷ್ಟ್ ಮರ್ಯಾದೆನಾ? ಮನೇಲಿ ಬಾ ಅಂದ್ರೂ ಒಬ್ಬ ಬರಲ್ಲ."

ಮೊದಲು ನಕ್ಕವನು ಊ ತೌಂಗ್. ಆಮೇಲೆ ತಡೆಯಲಾಗಲಿಲ್ಲ. ಮಂದಿರ ಕಟ್ಟಿದ ಮೇಲೆ ಅದರೊಳಗೆ ಅಷ್ಟು ದೊಡ್ಡ ನಗು ಕೇಳಿಸಿದ್ದು ಅದೇ ಮೊದಲು. ನಾನು ಗಂಟೆಯ ಕೋಲು ಎತ್ತಿಕೊಂಡೆ, ಹೊಡೆದು ನಿಲ್ಲಿಸೋಣವೆಂದು. ಅಷ್ಟರಲ್ಲಿ ಸಯಾಲೇ ನನ್ನ ಕಡೆ ನೋಡಿ, "ಹಿರಿಯ ದಾಯಕಿಯವರೇ, ಇದೇನು ಅಂತ ನನಗೂ ಹೇಳಬಹುದಾ?" ಎಂದು ಕೇಳಿದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಹೇಳಿದೆ. ಗುರುಗಳ ನೆಗಡಿಯಿಂದ ಹಿಡಿದು ಎಲ್ಲ ಹೇಳಿದೆ. ಕೇಳಿ ಕೈಮುಗಿದರು, ನನಗಲ್ಲ, ಗೋಡೆಯ ಮೇಲಿದ್ದ ಗುರುಗಳ ಪಟಕ್ಕೆ.

"ಅವರು ಧ್ವನಿಯಲ್ಲೇ ಇಷ್ಟು ಜನರನ್ನ ಇಷ್ಟು ವರ್ಷ ಕೂರಿಸಿದ್ರಲ್ಲ. ನಂಗೆ ಅಷ್ಟು ಶಕ್ತಿ ಇಲ್ಲ. ನಾಳೆಯಿಂದ ಒಂದು ಕೆಲಸ ಮಾಡೋಣ. ಕಾಲು ನೋಯ್ತು ಅಂದ್ರೆ ಅವರವರೇ ಬದಲಿಸಿಕೊಳ್ಳಿ. ಆದ್ರೆ ಬದಲಿಸಬೇಕು ಅಂತ ಮನಸ್ಸಿಗೆ ಬಂತಲ್ಲ, ಮೊದಲು ಅದನ್ನ ನೋಡಿ. ಆಮೇಲೆ ಕಾಲು."

ಮೊದಲ ಎರಡು ಮೂರು ದಿನ ಇಲಿ ಸೇರಿಕೊಂಡ ಅಟ್ಟದ ಹಾಗಿತ್ತು. ಒಬ್ಬರು ಇಲ್ಲಿ ಸರ, ಒಬ್ಬರು ಅಲ್ಲಿ ಸರ. ಹಲ್ಲು ಕಚ್ಚಿ ಕಚ್ಚಿ ನನ್ನ ದವಡೆ ನೋಯಿತು. ಆಮೇಲೆ ನಿಧಾನವಾಗಿ ಸದ್ದು ಇಳಿಯಿತು. ಈಗ ಮೊದಲಿಗಿಂತಲೂ ಕಡಿಮೆ. ಒಂದು ದಿನ ಕಾಲು ಬದಲಿಸಬೇಕು ಅನ್ನಿಸಿದ್ದನ್ನು ನೋಡುತ್ತಾ ನೋಡುತ್ತಾ ಇದ್ದೆ. ಆ ಆಸೆ ತಾನಾಗಿಯೇ ಹೋಯಿತು, ಕಾಲು ಇದ್ದಲ್ಲೇ ಇತ್ತು. ಇಷ್ಟು ವರ್ಷ ಕೂತು ಇದನ್ನು ಕಂಡಿರಲಿಲ್ಲ. ಮೀನಿನವಳ ಮಗಳಿಂದ ಕಂಡೆ. ಇದನ್ನೂ ಬೇರೆ ಯಾರಿಗೂ ಬರೆಯುವುದಿಲ್ಲ.

ಹೊಸ ಮಂದಿರಕ್ಕೆ ಹೋದವರು ಹೆಚ್ಚುಕಡಿಮೆ ವಾಪಸು ಬಂದಿದ್ದಾರೆ. ಚಪ್ಪಲಿ ಈಗ ಮೆಟ್ಟಿಲು ದಾಟಿ ಹೂಗಿಡದವರೆಗೂ ಇರುತ್ತದೆ. ವ್ರತದ ದಿನದ ಊಟ ನಮ್ಮದು ನಮ್ಮದು ಎಂದು ಮನೆಮನೆಯವರು ಜಗಳವಾಡುತ್ತಾರೆ. ಅದನ್ನು ತೀರ್ಮಾನಿಸುವುದು ಈಗಲೂ ನಾನೇ, ಅದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ದೋ ಓನ್ ದಿನಾ ಬರುತ್ತಾಳೆ, ಅರ್ಧದಲ್ಲಿ ನಿದ್ದೆ ಹೋಗುತ್ತಾಳೆ, ಎದ್ದು ಇವತ್ತು ಒಳ್ಳೇ ಸಮಾಧಿ ಬಂತು ಅನ್ನುತ್ತಾಳೆ. ಹೋದ ವಾರ ಒಂದು ಪೊಟ್ಟಣ ಮೀನಿನ ಮುದ್ದೆ ತಂದು ನನ್ನ ಕೈಗೆ ಕೊಟ್ಟು, "ಹೊಸ ಮಾಲು. ಮೂಸಿ ನೋಡ್ಕಳಿ, ಆಮೇಲ್ ಬೀದೀಲ್ ನಿಂತ್ಕೊಬ್ಯಾಡಿ" ಅಂದಳು. ಮೂಸಿ ನೋಡಿಯೇ ತೆಗೆದುಕೊಂಡೆ. ಒಳ್ಳೆಯದೇ ಇತ್ತು.

ವ್ರತ ಮುಗಿದ ಮೇಲೂ ಸಯಾಲೇ ಇಲ್ಲೇ ಉಳಿಯುತ್ತಾರಂತೆ. ಹಿಂದಿನ ಕೋಣೆಗೆ ಸುಣ್ಣ ಬಳಿಸುತ್ತಿದ್ದೇನೆ. ಒಟ್ಟಿನಲ್ಲಿ ನಾನು ನೆಮ್ಮದಿಯಾಗಿದ್ದೇನೆ, ಮನಸ್ಸಿಗೆ ಹಿಡಿಸಿದೆ ಎಂದೇ ತಿಳಿದುಕೋ. ನಾವು ಕಟ್ಟಿದ್ದು ನಮ್ಮ ಕಾಲಕ್ಕೆ ಮುಗಿಯುವುದಿಲ್ಲ.

ನಿನಗೂ ನಿನ್ನ ಮನೆಯವರಿಗೂ ರೋಗ ಬಾರದಿರಲಿ, ಭಯ ಬಾರದಿರಲಿ, ಉಣ್ಣುವ ಅನ್ನ ಮೈಗೆ ಹತ್ತಲಿ. ಇಂದು ಬೆಳಿಗ್ಗೆ ಕೂತದ್ದರ ಪುಣ್ಯದಲ್ಲಿ ನಿನ್ನ ಪಾಲು ನಿನಗೆ ಸೇರಲಿ. ಓದಿದ ಕೂಡಲೇ ಸಾಧು ಅನ್ನು.

ನಿನ್ನ ಅಕ್ಕ,
ತಾನ್ ಸೇನ್

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಆ ಕ್ಯಾಸೆಟ್ ಮುದ್ರಿಸಿದ ದಿನ ಯಾವುದು ಎಂದು ನಿನಗೆ ಗೊತ್ತಿದೆ. ನನ್ನ ಮಗಳು ನ್ವೆಯ ಏಳನೆಯ ದಿನದ ಊಟ ಬಡಿಸಿದ ಮಾರನೆಯ ಬೆಳಿಗ್ಗೆ. ಹತ್ತೊಂಬತ್ತರ ಹುಡುಗಿಯನ್ನು ಜ್ವರ ತಿಂದುಕೊಂಡು ಹೋದರೂ ನಾನು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಎಷ್ಟು ಗಟ್ಟಿ ಹೆಂಗಸು, ಧ್ಯಾನ ಅಂದರೆ ಇದು ಎಂದು ಎಲ್ಲರೂ ಹೊಗಳಿದಿರಿ. ಧ್ಯಾನ ಮುಗಿದು ನೀವೆಲ್ಲ ಎದ್ದು ಊಟದ ಕಡೆ ಹೋದಿರಿ, ಯಂತ್ರ ಮಾತ್ರ ಓಡುತ್ತಲೇ ಇತ್ತು. ಆಗ ಗುರುಗಳು ಹೇಳಿದ್ದು ಟೇಪಿನ ಕೊನೆಯಲ್ಲಿ ಮೆಲ್ಲಗೆ ಸಿಕ್ಕಿಕೊಂಡಿತ್ತು. "ಸೇನ್, ಎಲ್ಲರೂ ಹೋದ್ರು. ಅಳು ಬಂದ್ರೆ ಅತ್ತುಬಿಡಮ್ಮ. ನಾನು ಇಲ್ಲೇ ಕೂತಿರ್ತೀನಿ." ಆಮೇಲೆ ಮಾತಿಲ್ಲ, ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ನಾನು ಅಳಲಿಲ್ಲ.

ಯಂತ್ರವನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ಇದ್ದದ್ದು ಇದಕ್ಕೇ. ಎಲ್ಲರೂ ಚಾಪೆ ಸುತ್ತುವ ಗಲಾಟೆಯಲ್ಲಿ ಇರುವಾಗ ನಾನು ಯಂತ್ರಕ್ಕೆ ಕಿವಿ ಕೊಟ್ಟು ಆ ಮಾತು ಕೇಳಿ, ಮಳೆ ಕೇಳಿ, ಆಮೇಲೆ ಆರಿಸುತ್ತಿದ್ದೆ. ಇವತ್ತು ಬೇಡ, ನಾಳೆ ಅತ್ತರಾಯಿತು, ಗುರುಗಳು ಕೂತೇ ಇರುತ್ತಾರಲ್ಲ ಅನ್ನಿಸುತ್ತಿತ್ತು. ರಿಪೇರಿಯವನನ್ನು ಕೊನೆಯ ತುಂಡಾದರೂ ಉಳಿಸಿಕೊಡಪ್ಪ ಎಂದು ಕೇಳಿದೆ. ಅದೇ ಮೊದಲು ಹೋಗಿರೋದು ಅಮ್ಮಾ ಅಂದ.

ದೀಪದ ಹಬ್ಬಕ್ಕೆ ಬಾ. ಅಳಿಯ ಬೇಡ ಅಂದರೆ ನಾನು ಹೇಳಿದೆ ಅನ್ನು. ಏನೂ ತರಬೇಡ, ಸಮಾಧಾನದ ಮಾತೂ ಬೇಡ. ಬೆಳಗಿನ ಧ್ಯಾನ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ನೀನು ಏಳಬೇಡ, ಸ್ವಲ್ಪ ಹೊತ್ತು ನನ್ನ ಪಕ್ಕ ಕೂತಿರು.